ಮಧ್ಯಾಹ್ನ ಮೂರು ಗಂಟೆ

ಈಚೆಗೆ ಕನ್ನಡಕ್ಕೆ ಬಂದು ನೆಲೆಸಿದ ಮಾತುಗಳಲ್ಲಿ 'ಡಿಸ್ಚಾರ್ಜ್' ಎಂಬ ಮಾತಿನಷ್ಟು ಮಂಗಳಕರವಾದದ್ದು ಬೇರೊಂದಿಲ್ಲ. ಹತ್ತು ಹನ್ನೆರಡು ದಿನ ಫ್ಲಾಸ್ಕು ಹಿಡಿದು ಆಸ್ಪತ್ರೆಯ ಮೆಟ್ಟಿಲು ಹತ್ತಿಳಿದವರಿಗೆ ಗೊತ್ತು, ಆ ಮಾತು ಕಿವಿಗೆ ಬಿದ್ದೊಡನೆ ಮುಖಗಳು ಹೇಗೆ ಅರಳುತ್ತವೆ ಎಂಬುದು. ಬಿಲ್ಲು ಕಟ್ಟಿ, ಔಷಧಿಯ ಚೀಲ ಹಿಡಿದು, ಬಾಗಿಲಲ್ಲಿ ದೃಷ್ಟಿ ತೆಗೆದು, ರೋಗಿಯನ್ನು ಅವರದೇ ಕೋಣೆಯಲ್ಲಿ ಅವರದೇ ಮಂಚದ ಮೇಲೆ ಮಲಗಿಸಿದ ಮೇಲೆ ಮನೆಮಂದಿಯೆಲ್ಲ ಒಮ್ಮೆಗೇ ನಿಟ್ಟುಸಿರು ಬಿಡುತ್ತಾರೆ. ನೋಡಲು ಬಂದ ನೆಂಟರು ಮೂಸಂಬಿ ಹಣ್ಣಿನ ಚೀಲವನ್ನು ಕೆಳಗಿಟ್ಟು, "ಇನ್ನೇನು, ಮನೆಗೆ ಬಂದಾಯಿತಲ್ಲ" ಎನ್ನುತ್ತಾರೆ. ಮನೆಗೆ ಬಂದಾಯಿತು ಎಂದರೆ ಅಪಾಯ ದಾಟಿತು ಎಂದೇ ನಮ್ಮ ಲೆಕ್ಕ. ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕೆಂದು ನನಗೆ ತೋರುತ್ತದೆ.

ಆಸ್ಪತ್ರೆಯನ್ನು ನಾವು ಎಷ್ಟೇ ಬೈದರೂ ಅಲ್ಲಿ ಒಂದು ಅನುಕೂಲವಿದೆ. ಅಲ್ಲಿ ಕಣ್ಣುಗಳು ಬಹಳ. ಬೆಳಗಿನ ನರ್ಸು ಕೊಟ್ಟ ಮಾತ್ರೆಯನ್ನು ಮಧ್ಯಾಹ್ನದ ನರ್ಸು ಕಾಗದದಲ್ಲಿ ನೋಡುತ್ತಾಳೆ. ಅವಳು ಬಿಟ್ಟದ್ದನ್ನು ರಾತ್ರಿಯವಳು ಕೇಳುತ್ತಾಳೆ. ಸುತ್ತು ಬರುವ ಡಾಕ್ಟರು, ಕಸ ಗುಡಿಸುವಾಕೆ, ಪಕ್ಕದ ಹಾಸಿಗೆಯ ರೋಗಿಯ ತಮ್ಮ, ಇವರೆಲ್ಲರೂ ಬೇಡವೆಂದರೂ ನೋಡುತ್ತಿರುತ್ತಾರೆ. ಮನೆಯಲ್ಲಿ ಹಾಗಲ್ಲ. ಮನೆಗೆ ಬಾಗಿಲಿದೆ, ಬಾಗಿಲು ಮುಚ್ಚುತ್ತದೆ. ಮುಚ್ಚಿದ ಬಾಗಿಲ ಹಿಂದೆ ಒಬ್ಬರು ಮಲಗಿರುತ್ತಾರೆ, ಒಬ್ಬರು ನಿಂತಿರುತ್ತಾರೆ. ನಿಂತವರು ಒಳ್ಳೆಯವರೇ ಆಗಿರಬಹುದು; ಬಹುಪಾಲು ಒಳ್ಳೆಯವರೇ ಆಗಿರುತ್ತಾರೆ. ಆದರೆ ಒಳ್ಳೆಯತನವನ್ನು ನಂಬುವುದು ಬೇರೆ, ಒಳ್ಳೆಯತನವೊಂದನ್ನೇ ನಂಬಿ ಕೂರುವುದು ಬೇರೆ.

ನಮ್ಮ ಅಮ್ಮನಿಗೆ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಲಕ್ವ ಹೊಡೆದು ದೇಹದ ಎಡಭಾಗ ಸ್ವಾಧೀನ ತಪ್ಪಿತು. ಮಾತು ಮಾತ್ರ ಉಳಿಯಿತು. "ಅದೊಂದು ಹೋಗಿದ್ದರೆ ನಿಮಗೆಲ್ಲ ಸುಖವಾಗಿರುತ್ತಿತ್ತು" ಎಂದು ಅವರೇ ನಗುತ್ತಿದ್ದರು. ಹದಿಮೂರನೆಯ ದಿನ ಬಸವನಗುಡಿಯ ನಮ್ಮ ಹಳೆಯ ಮನೆಗೆ ಅವರನ್ನು ಕರೆತರುವ ಹೊತ್ತಿಗೆ, ನಾವು ಹುಟ್ಟಿ ಬೆಳೆದ ಆ ಮನೆ ನಮ್ಮ ಕಣ್ಣಿಗೇ ಬೇರೆಯಾಗಿ ಕಾಣತೊಡಗಿತ್ತು. ಮುಖ ಕಾಣುವಷ್ಟು ತಿಕ್ಕಿಟ್ಟ ಕೆಂಪು ನೆಲ, ಬಚ್ಚಲಿನ ನಾಲ್ಕಂಗುಲದ ಹೊಸ್ತಿಲು, ಮಂಚದ ಬಳಿ ಹಾಸಿದ ಜಮಖಾನ, ಕಾಲಿಗೆ ತೊಡರುವ ಟೇಬಲ್ ಫ್ಯಾನಿನ ವೈರು, ಎಲ್ಲವೂ ಹೊಂಚುಹಾಕಿ ಕುಳಿತಂತೆ ತೋರುತ್ತಿದ್ದವು. ಆಸ್ಪತ್ರೆಯ ಫಿಸಿಯೋಥೆರಪಿಯ ಹುಡುಗಿ ಮೊದಲೇ ಬಂದು ಮನೆ ನೋಡಿಕೊಂಡು ಹೋಗಿದ್ದಳು. ಜಮಖಾನ ಅಟ್ಟ ಸೇರಿತು. ಬಚ್ಚಲ ಗೋಡೆಗೆ ಹಿಡಿದುಕೊಳ್ಳುವ ಕಂಬಿ ಬಂತು. ಕುಳಿತರೆ ಎರಡೂ ಪಾದ ನೆಲಕ್ಕೆ ಊರುವಂತೆ ಬಡಗಿ ಮಂಚದ ಕಾಲನ್ನು ಕೊಯ್ದು ಗಿಡ್ಡ ಮಾಡಿದ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಮಂದಿ ಬಿದ್ದು ಸಾಯುತ್ತಾರೆ. ಅವರಲ್ಲಿ ಹೆಚ್ಚಿನ ಪಾಲು ವಯಸ್ಸಾದವರದು. ಬಡಗಿಗೆ ಕೊಟ್ಟ ಕೂಲಿ ನನಗೆ ದುಬಾರಿಯೆನಿಸಲಿಲ್ಲ.

ಆ ಹುಡುಗಿ ಕಲಿಸಿದ ಪಾಠಗಳು ಚಿಕ್ಕವು. ಮಲಗಿದವರನ್ನು ಎಬ್ಬಿಸಿದೊಡನೆ ನಿಲ್ಲಿಸಬಾರದು. ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕೂರಿಸಬೇಕು, ಇಲ್ಲವಾದರೆ ರಕ್ತದ ಒತ್ತಡ ಇಳಿದು ತಲೆ ತಿರುಗುತ್ತದೆ. ಗಾಲಿಕುರ್ಚಿಗೆ ಕೂರಿಸುವ ಮೊದಲು ಅದರ ಎರಡೂ ಬ್ರೇಕು ಹಾಕಬೇಕು. ಊಟವೆಂದರೆ ನೆಟ್ಟಗೆ ಕುಳಿತು. ಉಂಡ ಮೇಲೂ ಅರ್ಧ ಗಂಟೆ ಹಾಗೆಯೇ. ಸ್ವಾಧೀನ ತಪ್ಪಿದ ಕೈಯನ್ನು ಹಿಡಿದು ಎಂದಿಗೂ ಎಳೆಯಬಾರದು; ಸ್ನಾಯು ಸಡಿಲವಾದ ಭುಜ ಕೀಲಿನಿಂದ ಜಾರುತ್ತದೆ. ಈ ಕೊನೆಯ ಪಾಠವನ್ನು ನೆಂಟರಿಗೆ ಕಲಿಸುವುದು ನಮಗೆ ದೊಡ್ಡ ಸಾಹಸವಾಯಿತು. ನಮ್ಮಲ್ಲಿ ಪ್ರೀತಿ ತೋರಿಸುವ ರೀತಿಯೇ ಕೈಹಿಡಿದು ಎಳೆಯುವುದು. "ಏಳಿ ಅತ್ತಿಗೆ, ಧೈರ್ಯ ತಂದುಕೊಳ್ಳಿ" ಎಂದು ಎಡಗೈಗೇ ಕೈಹಾಕುತ್ತಿದ್ದ ಚಿಕ್ಕಪ್ಪನನ್ನು ತಡೆಯಲು ನನ್ನ ಹೆಂಡತಿ ಎಷ್ಟೋ ಸಲ ಕಾಫಿ ಲೋಟವನ್ನು ಅವರ ಕೈಗೆ ತುರುಕಿದ್ದುಂಟು.

ಇಷ್ಟೆಲ್ಲ ಕಂಬಿ, ಬ್ರೇಕು, ಬಡಗಿಯ ಕೆಲಸ. ಹಣವಿದ್ದವರು ಮಾಡಬಹುದು, ಇಲ್ಲದವರು ಹಗ್ಗ, ಇಟ್ಟಿಗೆ, ಹಳೆಯ ಹಲಗೆ ಬಳಸಿ ಮಾಡಿಕೊಳ್ಳಬಹುದು. ಕಷ್ಟವಿರುವುದು ಇದರ ಆಚೆಗೆ, ಮನುಷ್ಯರ ವಿಷಯದಲ್ಲಿ.

ನಾನೂ ನನ್ನ ಹೆಂಡತಿಯೂ ಕೆಲಸಕ್ಕೆ ಹೋಗುವವರು. ಆದ್ದರಿಂದ ಒಂದು ಏಜೆನ್ಸಿಯ ಮೂಲಕ ಹೋಂ ನರ್ಸೊಬ್ಬಳು ಬಂದಳು. ಇಪ್ಪತ್ತನಾಲ್ಕು ಗಂಟೆಯ ಸೇವೆ, ವಾರಕ್ಕೊಂದು ದಿನ ಬದಲಿ ಬರುತ್ತಾಳೆ ಎಂದು ಕರಾರಿನಲ್ಲಿತ್ತು. ಬದಲಿ ಬರಲಿಲ್ಲ. ಕೇಳಿದಾಗ, "ಅವಳೇ ರಜೆ ಬೇಡ ಅಂದಿದ್ದಾಳೆ ಸಾರ್, ದುಡ್ಡಿನ ಅವಶ್ಯಕತೆ" ಎಂದರು. ಹುಡುಗಿ ಶುಚಿಯಾಗಿದ್ದಳು, ಕಡಿಮೆ ಮಾತು. ಮೂರು ವಾರ ಕಳೆಯಿತು. ಅಮ್ಮ ಮಂಕಾಗುತ್ತಿದ್ದರು. ಲಕ್ವ ಬಂದವರಿಗೆ ಮನಸ್ಸು ಕುಗ್ಗುವುದುಂಟು ಎಂದು ಡಾಕ್ಟರೇ ಹೇಳಿದ್ದರು.

ಸಂಗತಿಯನ್ನು ಬಯಲಿಗೆ ತಂದವಳು ಬೀದಿಯ ಹೂವಿನವಳು. ಇಪ್ಪತ್ತು ವರ್ಷದಿಂದ ಅಮ್ಮನಿಗೂ ಅವಳಿಗೂ ಒಂದು ವ್ಯಾಜ್ಯ ನಡೆದುಕೊಂಡು ಬಂದಿತ್ತು. "ನಿನ್ನ ಮೊಳ ಗಿಡ್ಡ" ಎಂದು ಅಮ್ಮ. "ನಿಮ್ಮ ಕೈಯೇ ಉದ್ದ" ಎಂದು ಅವಳು. ಕಿಟಕಿಯ ಸರಳಿನ ನಡುವೆ ಕೈ ಚಾಚಿ ತಮ್ಮ ಮೊಳದಲ್ಲೇ ಅಳೆದುಕೊಳ್ಳದೆ ಅಮ್ಮ ಹೂವು ತೆಗೆದುಕೊಂಡವರಲ್ಲ. ಲಕ್ವ ಹೊಡೆದ ಮೇಲೂ ಬಲಗೈ ಚಾಚಿ ಅಳೆಯುತ್ತಿದ್ದರು. ಒಂದು ಸಂಜೆ ಹೂವಿನವಳು ಬೀದಿಯ ಕೊನೆಯಲ್ಲಿ ಕಾದಿದ್ದು ನನ್ನ ಹೆಂಡತಿಯನ್ನು ತಡೆದಳು. "ಅಕ್ಕಾ, ಎಂಟು ದಿನ ಆಯ್ತು, ಅಜ್ಜಿ ಹೂವ ಅಳೀತಾನೇ ಇಲ್ಲ. ಕೂಗಿದ್ರೂ ಏಳಲ್ಲ. ಆ ಹುಡುಗಿ ಕಿಟಕಿ ಹಾಕಿಬಿಡ್ತಾಳೆ. ನಂಗ್ಯಾಕೋ ಸರಿ ಕಾಣಲಿಲ್ಲ."

ಆ ರಾತ್ರಿಯೇ ಮಾತ್ರೆ ಎಣಿಸಿದೆವು. ರಾತ್ರಿ ಒಂದರಂತೆ ಕೊಡಬೇಕಾದ ನಿದ್ರೆಯ ಮಾತ್ರೆಯಲ್ಲಿ ಎಂಟು ಕಡಿಮೆಯಿದ್ದವು. ಸೀರೆಯ ಸೆರಗು ಸರಿಸಿದರೆ ಎಡತೋಳಿನ ಮೇಲುಗಡೆ ನಾಲ್ಕು ಬೆರಳಿನ ಕಪ್ಪು ಗುರುತು. ಅಮ್ಮನನ್ನು ಕೇಳಿದಾಗ, "ಹೋಗಲಿ ಬಿಡಿ, ಪಾಪ, ಅವಳಿಗೂ ನಿದ್ದೆ ಇಲ್ಲ" ಎಂದರು. ಬಾಯಿ ಬಲವುಳ್ಳ ನನ್ನ ತಾಯಿ ಎಂಟು ದಿನ ಈ ಮಾತನ್ನು ನುಂಗಿಕೊಂಡಿದ್ದರು. ದೂರಿದರೆ ನಾಳೆ ಮಧ್ಯಾಹ್ನ ಮತ್ತೆ ಅವಳೊಡನೆಯೇ ಇರಬೇಕಲ್ಲ, ಎಂಬುದು ಅವರ ಲೆಕ್ಕ. ಒಬ್ಬರ ಕೈಯಿಂದಲೇ ನೀರು ಕುಡಿಯಬೇಕಾದಾಗ ಅವರ ಮೇಲೆ ದೂರು ಹೇಳುವುದು ಸುಲಭವಲ್ಲ.

ಮಧ್ಯಾಹ್ನ ನಿದ್ರೆಯ ಮಾತ್ರೆ ಕೊಟ್ಟರೆ ಮಂಪರಿನಲ್ಲಿ ಎದ್ದವರು ಬೀಳುತ್ತಾರೆ, ಉಣ್ಣುವಾಗ ತುತ್ತು ಶ್ವಾಸನಾಳಕ್ಕೆ ಹೋಗುತ್ತದೆ. ಆಗಬಹುದಾಗಿದ್ದ ಅನಾಹುತ ಆಗಲಿಲ್ಲ. ಹುಡುಗಿ ಅಳುತ್ತ ಹೇಳಿದಳು: "ರಾತ್ರಿ ಐದಾರು ಸಲ ಎಬ್ಬಿಸ್ತಾರೆ, ಹಗಲು ಮಲಗೋ ಹಾಗಿಲ್ಲ. ಮನೆಯವರೇ ರಜೆ ಬಿಡಲ್ಲ ಅಂತ ಆಫೀಸಿನಲ್ಲಿ ಹೇಳಿದ್ರು." ಅವಳಿಗೆ ನಮ್ಮ ಹೆಸರು ಹೇಳಿದ್ದರು, ನಮಗೆ ಅವಳ ಹೆಸರು. ನಾವು ಕೊಡುತ್ತಿದ್ದ ಹಣದಲ್ಲಿ ಅವಳ ಕೈಗೆ ಸೇರುತ್ತಿದ್ದುದು ಮೂರರಲ್ಲಿ ಎರಡು ಪಾಲು. ಏಜೆನ್ಸಿಗೆ ಫೋನು ಮಾಡಿದರೆ, "ಬೇರೆಯವರನ್ನ ಕಳಿಸ್ತೀವಿ ಸಾರ್" ಎಂದರೇ ಹೊರತು ಏನಾಯಿತೆಂದು ಕೇಳಲಿಲ್ಲ. ಈಕೆ ನಾಳೆ ಇನ್ನೊಂದು ಮನೆಗೆ ಹೋಗುತ್ತಾಳೆ, ಅಲ್ಲಿಯೂ ಇಪ್ಪತ್ತನಾಲ್ಕು ಗಂಟೆ.

ಕಾನೂನು ಇಲ್ಲವೆ ಎಂದು ಓದುಗರು ಕೇಳಬಹುದು. ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರ ಕಾಯಿದೆಯಿದೆ. ಹಿರಿಯರನ್ನು ಕೈಬಿಟ್ಟವರಿಗೆ ಮೂರು ತಿಂಗಳವರೆಗಿನ ಸಜೆ, ಐದು ಸಾವಿರ ರೂಪಾಯಿಯವರೆಗಿನ ದಂಡ ಅದರಲ್ಲಿದೆ. ಸಂಬಳಕ್ಕೆ ಮನೆಗೆ ಬಂದು ಆರೈಕೆ ಮಾಡುವವರ ತರಬೇತಿ, ಅವರನ್ನು ಕಳುಹಿಸುವ ಸಂಸ್ಥೆಗಳ ಹೊಣೆ, ಇವುಗಳ ಮಾತು ಅದರಲ್ಲಿಲ್ಲ. ಆ ಕೊರತೆಯನ್ನು ತುಂಬಲು 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ತಿದ್ದುಪಡಿಯ ಮಸೂದೆಯೊಂದು ಮಂಡನೆಯಾಯಿತು. ಮನೆಯಾರೈಕೆಯ ಸಂಸ್ಥೆಗಳು ನೋಂದಣಿಯಾಗಬೇಕು, ಸಹಾಯಕರು ತರಬೇತಾದವರಾಗಿರಬೇಕು ಎಂಬ ಮಾತು ಅದರಲ್ಲಿತ್ತು. ಅದು ಕಾಯಿದೆಯಾಗುವ ಮೊದಲೇ 2024ರಲ್ಲಿ ಆ ಲೋಕಸಭೆಯ ಅವಧಿ ಮುಗಿಯಿತು. ಮಸೂದೆಯೂ ಅದರೊಡನೆ ಮುಗಿಯಿತು. ಹಿರಿಯರು ಕಷ್ಟ ಹೇಳಿಕೊಳ್ಳಲು 2021ರಲ್ಲಿ ದೇಶಕ್ಕೆಲ್ಲ 14567 ಎಂಬ ಸಹಾಯವಾಣಿ ಬಂತು. ಬೆಂಗಳೂರಿನಲ್ಲಿ ಅದಕ್ಕೂ ಬಹಳ ಮೊದಲೇ, 2002ರಲ್ಲಿ, ನಗರದ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಎಂಬ ಸಂಸ್ಥೆಯೂ ಸೇರಿ 1090 ಎಂಬ ಸಹಾಯವಾಣಿಯನ್ನು ಆರಂಭಿಸಿದ್ದರು. ಇವು ಇರಬೇಕು. ಆದರೆ ಮಂಪರಿನಲ್ಲಿ ಮಲಗಿದವರ ಕೈಗೆ ಫೋನು ಎಟುಕುವುದಿಲ್ಲ.

ನೈಟಿಂಗೇಲ್ ಎಂಬ ಹೆಸರು ಬಂದದ್ದರಿಂದ ಒಂದು ಮಾತು ನೆನಪಾಗುತ್ತದೆ. ಆ ಹೆಸರಿನ ಮಹಾತಾಯಿ 1859ರಲ್ಲಿ ಶುಶ್ರೂಷೆಯ ಮೇಲೆ ಒಂದು ಸಣ್ಣ ಪುಸ್ತಕ ಬರೆದರು. ಅದು ಆಸ್ಪತ್ರೆಯ ನರ್ಸುಗಳಿಗಾಗಿ ಬರೆದದ್ದೆಂದು ನಾವು ತಿಳಿಯುತ್ತೇವೆ. ಹಾಗಲ್ಲ, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವ ಸಾಮಾನ್ಯ ಹೆಂಗಸರಿಗಾಗಿ ಬರೆದದ್ದು. ಗಾಳಿ, ಬೆಳಕು, ಗಂಜಿ, ಹಾಸಿಗೆ ಎಂದೆಲ್ಲ ವಿವರಿಸುವ ಆ ಪುಸ್ತಕದಲ್ಲಿ ಒಂದು ಅಧ್ಯಾಯ ಬರಿಯ ವ್ಯವಸ್ಥೆಯ ವಿಷಯಕ್ಕೆ ಮೀಸಲು. ಹೊಣೆ ಹೊತ್ತವರು ತಾವಿದ್ದಾಗ ಏನು ಮಾಡುತ್ತೇವೆ ಎಂಬುದನ್ನಷ್ಟೇ ನೋಡಿದರೆ ಸಾಲದು, ತಾವಿಲ್ಲದಾಗಲೂ ಅದು ನಡೆಯುವಂತೆ ಏರ್ಪಾಡು ಮಾಡಬೇಕು ಎಂಬುದು ಅದರ ಸಾರ. ನೂರಕ್ಕೂ ಹೆಚ್ಚು ವರ್ಷದ ಕೆಳಗೆ ಆಕೆ ಹೇಳಿದ ಈ 'ತಾವಿಲ್ಲದಾಗ' ಎಂಬುದು ನಮ್ಮ ಮನೆಯಲ್ಲಿ ಮಧ್ಯಾಹ್ನ ಮೂರು ಗಂಟೆ. ಆಫೀಸಿನಲ್ಲಿ ನಾನು, ಬ್ಯಾಂಕಿನಲ್ಲಿ ನನ್ನ ಹೆಂಡತಿ, ಕಾಲೇಜಿನಲ್ಲಿ ಮಗ. ಬೀದಿಯಲ್ಲಿ ನಾಯಿ ಕೂಡ ಮಲಗಿರುವ ಹೊತ್ತು.

ಅಮೆರಿಕದಲ್ಲಿರುವ ನಮ್ಮಣ್ಣನಿಗೆ ಇದಕ್ಕೆಲ್ಲ ಒಂದು ಸುಲಭ ಉಪಾಯ ಹೊಳೆಯಿತು: ಕ್ಯಾಮೆರಾ. ನ್ಯೂಜೆರ್ಸಿಯಲ್ಲಿ ಕುಳಿತೇ ಅಮ್ಮನನ್ನು ಕಾಯುತ್ತೇನೆಂದ. ಗೋಡೆಯ ಮೇಲೆ ಕ್ಯಾಮೆರಾ ಬಂತು. ಅಮ್ಮ ಅದನ್ನು ಒಂದು ದಿನ ನೋಡಿದರು. ಎರಡನೆಯ ದಿನ ತಮ್ಮ ಟವಲನ್ನು ಅದಕ್ಕೆ ಹೊದಿಸಿದರು. "ಸೀರೆ ಬಿಚ್ಚಿ ಮೈ ಒರೆಸೋವಾಗ ಮಗನಿಗೆ ಏನು ನೋಡೋದಿದೆ?" ಅಣ್ಣನಿಗೆ ನಾನು ಸಮಾಧಾನ ಹೇಳಿದೆ. ಅದಿಲ್ಲದಿದ್ದರೂ, ನಮಗೆ ಮಧ್ಯಾಹ್ನ ಮೂರಾದಾಗ ಅವನಿಗೆ ಇನ್ನೂ ಬೆಳಗಾಗಿರುವುದಿಲ್ಲ. ಕ್ಯಾಮೆರಾ ನೋಡುತ್ತದೆ, ನಿಜ. ಬಿದ್ದವರನ್ನು ಎತ್ತುವುದಿಲ್ಲ, "ಯಾಕಮ್ಮ ಸಪ್ಪಗಿದ್ದೀರಿ" ಎಂದು ಕೇಳುವುದಿಲ್ಲ.

ಕೊನೆಗೆ ನಾವು ಮಾಡಿದ ಏರ್ಪಾಡು ಬಹಳ ಸಾಮಾನ್ಯವಾದದ್ದು. ಹಗಲಿಗೆ ಒಬ್ಬಾಕೆ, ರಾತ್ರಿಗೆ ನಾವು ಮೂವರು ಸರದಿಯಂತೆ. ಹೊಸದಾಗಿ ಬಂದಾಕೆ ರಾಯಚೂರಿನ ಕಡೆಯ ಹೆಣ್ಣುಮಗಳು. ಮೊದಲನೆಯ ದಿನವೇ, "ನಾ ಕೈ ಹಿಡಿದು ಎಬ್ಬಸಂಗಿಲ್ರಿ ಅಮ್ಮಾರ, ಸೊಂಟದ ಬೆಲ್ಟ್ ಹಿಡೀತೀನ್ರಿ" ಎಂದಳು. ನನಗೆ ಅರ್ಧ ಭಯ ಹೋಯಿತು. ಭಾನುವಾರ ಅವಳಿಗೆ ರಜೆ. ಅವಳ ಊಟ ನಮ್ಮ ಊಟದೊಡನೆ, ನಮ್ಮಂಥದೇ ತಟ್ಟೆಯಲ್ಲಿ. ಅವಳ ಸುರಕ್ಷತೆಯೂ ಒಂದು ವಿಷಯವೇ. ಕೆಲಸದ ಸ್ಥಳದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯಿದೆ, ಮನೆಯನ್ನೂ ಕೆಲಸದ ಸ್ಥಳವೆಂದೇ ಎಣಿಸುತ್ತದೆ. ನಮ್ಮ ಹಾಸಿಗೆ, ನಮ್ಮ ಹೊಸ್ತಿಲು ಆಕೆಗೆ ಕಾರ್ಖಾನೆ. ಅಲ್ಲಿ ಆಕೆ ದಣಿದು ಬಿದ್ದರೆ ಆಕೆಯ ಕೈಯಲ್ಲಿರುವವರೂ ಬೀಳುತ್ತಾರೆ.

ಮಾತ್ರೆಗಳನ್ನು ವಾರಕ್ಕೊಮ್ಮೆ ದಿನವಾರು ಡಬ್ಬಿಗೆ ತುಂಬುವವಳು ನನ್ನ ಹೆಂಡತಿ, ಕೊಡುವವಳು ಆಕೆ, ಡಬ್ಬಿ ನೋಡುವವನು ನಾನು. ನಿದ್ರೆಯ ಮಾತ್ರೆ ಮಾತ್ರ ಬೀರುವಿನಲ್ಲಿ. ಮಂಚದ ಬಳಿ ಎರಡು ಗೆರೆಯ ಒಂದು ನೋಟ್‌ಬುಕ್ಕು: ಎಷ್ಟು ಉಂಡರು, ಎಷ್ಟು ಸಲ ಮಗ್ಗುಲು ಬದಲಿಸಿತು, ಚರ್ಮ ಎಲ್ಲಾದರೂ ಕೆಂಪಾಗಿದೆಯೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹಾಸಿಗೆ ಹುಣ್ಣಾಗುವ ಭಯ. ಬರೆದಾಕೆ ರುಜು ಹಾಕುತ್ತಾಳೆ. ರಾತ್ರಿ ನೋಡಿಕೊಂಡವರೂ ರುಜು ಹಾಕುತ್ತೇವೆ, ಮಗನಾದರೂ ಸರಿ. ಮನೆಯವರಿಗೊಂದು ನ್ಯಾಯ, ಸಂಬಳದವರಿಗೊಂದು ನ್ಯಾಯ ಎಂದಾದರೆ ಅದು ಪುಸ್ತಕವಾಗುವುದಿಲ್ಲ, ಪೊಲೀಸು ಠಾಣೆಯ ಡೈರಿಯಾಗುತ್ತದೆ. ಹಿರಿಯರನ್ನು ನೋಯಿಸುವವರು ಹೊರಗಿನವರೇ ಆಗಬೇಕೆಂದಿಲ್ಲ. ಅರವತ್ತು ದಾಟಿದ ಆರು ಮಂದಿಯಲ್ಲಿ ಒಬ್ಬರು ಒಂದು ವರ್ಷದೊಳಗೆ ಒಂದಲ್ಲ ಒಂದು ಬಗೆಯ ದುರ್ವರ್ತನೆಗೆ ಗುರಿಯಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ ಆಸ್ಪತ್ರೆಯದಲ್ಲ; ನಾವು ನೀವು ಬಾಳುವ ಮನೆ, ಊರುಗಳದು.

ದಿನಕ್ಕೊಮ್ಮೆ, ಆರೈಕೆ ಮಾಡುವವರು ಎದುರಿಗಿಲ್ಲದಾಗ, ಬೇರೊಬ್ಬರು ಅಮ್ಮನ ಬಳಿ ಕೂರಬೇಕು ಎಂಬುದು ಇನ್ನೊಂದು ನಿಯಮ. ಕೇಳಬೇಕಾದ ಪ್ರಶ್ನೆ "ಚೆನ್ನಾಗಿದ್ದೀರಾ?" ಎಂಬುದಲ್ಲ. ಅದಕ್ಕೆ ನಮ್ಮ ಹಿರಿಯರ ಉತ್ತರ ಎಂದೂ "ಹೂಂ" ಎಂದೇ. "ಇವತ್ತು ಏನು ಬೇಡ ಅಂದಿರಿ?" ಎಂದು ಕೇಳಬೇಕು. ಬೇಡವೆನ್ನುವುದು ಉಳಿದಿದೆಯೆ, ಬೇಡವೆಂದದ್ದನ್ನು ಯಾರಾದರೂ ಕೇಳಿಸಿಕೊಂಡರೆ ಎಂಬುದು ಆಗ ತಿಳಿಯುತ್ತದೆ.

ಈ ಪ್ರಶ್ನೆಯಿಂದ ನಾವೇ ಒಮ್ಮೆ ಪೇಚಿಗೆ ಸಿಕ್ಕಿದೆವು. ಹಿತ್ತಲಿನ ತುಳಸಿಕಟ್ಟೆಗೆ ಹೋಗಲು ನಮ್ಮ ಮನೆಯಲ್ಲಿ ಮೂರು ಮೆಟ್ಟಿಲು ಇಳಿಯಬೇಕು. ಇಳಿಯುತ್ತೇನೆಂದು ಅಮ್ಮ, ಕೂಡದೆಂದು ಅಣ್ಣ. ಮಂಚಕ್ಕೆ ಎರಡೂ ಕಡೆ ಕಟಾಂಜನ ಹಾಕಿಸಿಬಿಡೋಣ ಎಂಬ ಸಲಹೆ ಕೂಡ ಬಂತು. ಕಟಾಂಜನ ಹತ್ತಿ ದಾಟಲು ಹೋದವರು ಇನ್ನೂ ಎತ್ತರದಿಂದ ಬೀಳುತ್ತಾರೆಂದು ಫಿಸಿಯೋಥೆರಪಿಯ ಹುಡುಗಿ ಎಚ್ಚರಿಸಿದಳು. ಅಮ್ಮ ಎಲ್ಲರ ಮಾತನ್ನೂ ಕೇಳಿ, "ನಾನು ಬೀಳಬಾರದು ಅಂತ ಇಷ್ಟು ಜನ ನೋಡ್ತೀರಿ. ನಾನು ಏಳಬೇಕು ಅಂತ ಯಾರು ನೋಡ್ತೀರಿ?" ಎಂದರು. ಯಾರಿಂದಲೂ ಉತ್ತರ ಬರಲಿಲ್ಲ. ಇಳಿಯುವಾಗ ಬಲಗೈಗೆ ಸಿಗುವಂತೆ ಒಂದು ಕಂಬಿ, ಹತ್ತಿ ಬರುವಾಗ ಸಿಗುವಂತೆ ಎದುರಿನ ಕಡೆ ಇನ್ನೊಂದು ಹಾಕಿಸಿದೆವು. ಇಳಿಯುವಾಗ ರಾಯಚೂರಿನಾಕೆ ಎಡಗಡೆಗೆ, ಒಂದು ಮೆಟ್ಟಿಲು ಕೆಳಗೆ, ಬೆಲ್ಟು ಹಿಡಿದು ನಿಲ್ಲುತ್ತಾಳೆ. ಮೂರು ಮೆಟ್ಟಿಲಿಗೆ ಆರು ನಿಮಿಷ. ಅಪಾಯ ಇಲ್ಲವೆ? ಇದೆ. ಆದರೆ ಗಾಜಿನ ಬೀರುವಿನಲ್ಲಿಟ್ಟ ಪಿಂಗಾಣಿಯ ಬಟ್ಟಲಿನಂತೆ ತಾಯಿಯನ್ನು ಕಾಪಾಡಿದರೆ ಬಟ್ಟಲು ಉಳಿಯಬಹುದು, ತಾಯಿ ಉಳಿಯುವುದಿಲ್ಲ.

ಇನ್ನುಳಿದದ್ದು ಮಧ್ಯಾಹ್ನ ಮೂರು ಗಂಟೆ. ಎದುರು ಮನೆಯ ನಿವೃತ್ತ ಮೇಷ್ಟರು ಸೋಮವಾರ ಮತ್ತು ಗುರುವಾರ ಆ ಹೊತ್ತಿಗೆ ಪೇಪರು ಓದಿ ಹೇಳಲು ಬರುತ್ತಾರೆ. ಉಳಿದ ದಿನಗಳಿಗೆ, ಸಂಜೆ ಬರುತ್ತಿದ್ದ ಹೂವಿನವಳು ತನ್ನ ಬೀದಿಗಳ ಕ್ರಮವನ್ನೇ ತಿರುಗಿಸಿಕೊಂಡು ಮೊದಲು ನಮ್ಮಲ್ಲಿಗೆ ಬರುತ್ತಾಳೆ. ಕಿಟಕಿಯಲ್ಲಿ ಅಲ್ಲ, ಒಳಗೆ, ಮಂಚದ ಪಕ್ಕದ ಮಣೆಯ ಮೇಲೆ. ಆ ಹದಿನೈದು ನಿಮಿಷ ರಾಯಚೂರಿನಾಕೆ ಜಗಲಿಯಲ್ಲಿ ಕುಳಿತು ಕಾಫಿ ಕುಡಿದು ಊರಿಗೆ ಫೋನು ಮಾಡಿಕೊಳ್ಳುತ್ತಾಳೆ. ಇದನ್ನು ಕಾವಲು ಎಂದು ಅವಳು ತಿಳಿದಿಲ್ಲ, ನಾವೂ ತಿಳಿದಿಲ್ಲ. ಅವಳಿಗೆ ಅದು ಬಿಡುವು, ಅಮ್ಮನಿಗೆ ಅದು ಜಗಳ. ನಮ್ಮ ಬೀದಿಯಲ್ಲೇ ಹೀಗೆ ಮಂಚ ಹಿಡಿದವರು ಇನ್ನೂ ನಾಲ್ಕು ಮನೆಯಲ್ಲಿದ್ದಾರೆಂದು ಹೂವಿನವಳೇ ಹೇಳಿದಳು. ಮೇಷ್ಟರು ಈಗ ಮಂಗಳವಾರವೂ ಬಿಡುವಾಗಿಲ್ಲ. ನಿಮ್ಮ ಬೀದಿಯಲ್ಲಿ ಎಷ್ಟು ಮನೆಯೋ ನಾನರಿಯೆ. ನಾಳೆ ಮಧ್ಯಾಹ್ನ ಆ ಹೊತ್ತಿಗೆ ಒಂದು ಬಾಗಿಲು ತಟ್ಟಿ ನೋಡಬಹುದು. ಪೇಪರು ಕೈಯಲ್ಲಿದ್ದರೆ ಸಾಕು.